ಆರು ಚುಕ್ಕೆಗಳ ಕನ್ನಡ: ಔಚಿತ್ಯದೃಷ್ಟಿಯಿಂದ ಒಂದು ವಿಮರ್ಶೆ

ಕಾವ್ಯವನ್ನು ಅಳೆದು ನೋಡುವದಕ್ಕೆ ನಮ್ಮ ಪೂರ್ವಿಕರು ಅನೇಕ ಮಾನದಂಡಗಳನ್ನು ಸಿದ್ಧಪಡಿಸಿಟ್ಟಿರುವರು. ಒಬ್ಬರು ಅಲಂಕಾರವೆಂದರು, ಒಬ್ಬರು ರೀತಿಯೆಂದರು, ಇನ್ನೊಬ್ಬರು ಧ್ವನಿಯೆಂದರು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಇವೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದಾಗ ಮಾತ್ರ ಶೋಭಿಸುವವೆಂದು ಕಂಡು, ಔಚಿತ್ಯವೇ ಕಾವ್ಯದ ಜೀವವೆಂಬ ಮತವನ್ನು 'ಔಚಿತ್ಯವಿಚಾರಚರ್ಚೆ'ಯಲ್ಲಿ ಪ್ರತಿಪಾದಿಸಿದನು. ಈ ಮಾನದಂಡದ ವಿಶೇಷವೇನೆಂದರೆ, ಇದು ಕಾವ್ಯದೊಳಗೆ ಮಾತ್ರ ಸಲ್ಲುವ ನಾಣ್ಯವಲ್ಲ. ಮನೆಯ ಕಟ್ಟಡಕ್ಕೂ ನೇಗಿಲಿಗೂ ಊರುಗೋಲಿಗೂ ಅದು ಸಲ್ಲುವದು. ಯಾರಿಗಾಗಿ ಮಾಡಿದ್ದು, ಯಾವ ಕೈಗೆ, ಯಾವ ಕಾಲಿಗೆ, ಯಾವ ನೆಲದ ಮೇಲೆ ಬಳಸತಕ್ಕದ್ದು ಎಂದು ಕೇಳಿ ಮಾಡಿದ ವಸ್ತುವು ಉಚಿತವಾದುದು. ಕೇಳದೆ ಮಾಡಿದ್ದು ಎಷ್ಟು ಚತುರವಾಗಿದ್ದರೂ ಅನುಚಿತವಾದುದು.

ಅಂಗವಿಕಲರಿಗಾಗಿ ಇಂದು ನಾನಾ ಬಗೆಯ ಸಾಧನಗಳು ನಿರ್ಮಾಣವಾಗುತ್ತಿರುವವು. ಅವುಗಳ ಸುದ್ದಿಯು ವೃತ್ತಪತ್ರಗಳಲ್ಲಿ ಬರುವಾಗ ಹೊಗಳಿಕೆಯ ಮಾತೇ ಹೆಚ್ಚು, ವಿಮರ್ಶೆಯ ಮಾತು ಕಡಿಮೆ. ದಯೆಯಿಂದ ಮಾಡಿದ ಕೆಲಸವನ್ನು ಎಣಿಸಿ ತೂಗಬಾರದೆಂಬ ಸಂಕೋಚವು ಇದಕ್ಕೆ ಕಾರಣವಿದ್ದೀತು. ಆದರೆ ಭಕ್ತಿಯಿಂದ ಬರೆದ ಕಾವ್ಯವೆಲ್ಲ ಒಳ್ಳೆಯ ಕಾವ್ಯವಾಗುವದಿಲ್ಲವೆಂದು ನಾವು ಒಪ್ಪುವೆವು. ದಯೆಯಿಂದ ಮಾಡಿದ ಸಾಧನವೆಲ್ಲ ಒಳ್ಳೆಯ ಸಾಧನವಾಗುವದಿಲ್ಲವೆಂದು ಒಪ್ಪುವದಕ್ಕೆ ಏಕೆ ಹಿಂಜರಿಯಬೇಕು? ಅಂಥ ಸಾಧನಗಳಲ್ಲಿ ಸಾಹಿತ್ಯಕ್ಕೆ ಅತ್ಯಂತ ಸಮೀಪವಾದುದೊಂದುಂಟು. ಅದು ಬೆರಳಿನಿಂದ ಓದುವ ಕನ್ನಡ ಲಿಪಿ, ಅಂದರೆ ಭಾರತೀ ಬ್ರೈಲ್‌ನ ಕನ್ನಡ ರೂಪ. ಅದನ್ನು ಒಂದು ಕೃತಿಯೆಂದೇ ಎಣಿಸಿ, ಅದರ ಗುಣದೋಷಗಳನ್ನು ಇಲ್ಲಿ ವಿಚಾರಿಸಬೇಕೆಂದಿರುವೆವು.

ಬಂಕಾಪುರದ ಸುತ್ತಣ ವಾಚಕರಿಗೆ ಈ ವಿಚಾರವು ದೂರದ್ದೆಂದು ತೋರಬಾರದು. ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಶಕ ೮೨೦ರಲ್ಲಿ, ಎಂದರೆ ಕ್ರಿ. ಶ. ೮೯೮ರ ಸುಮಾರಿಗೆ, ಲೋಕಾದಿತ್ಯನು ಆಳುತ್ತಿದ್ದ ಇದೇ ಬಂಕಾಪುರದಲ್ಲಿ ಪೂಜೆ ಸಂದಿತೆಂದು ಆ ಗ್ರಂಥದ ಪ್ರಶಸ್ತಿಯಿಂದಲೇ ತಿಳಿದುಬರುವದು. ಗ್ರಂಥವನ್ನು ದೇವರಂತೆ ಪೂಜಿಸಿದ ಊರು ಇದು. ಇಲ್ಲಿಂದ ಬಹು ದೂರವಲ್ಲದ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಜನ್ಮಾಂಧರಾದ ಪಂಚಾಕ್ಷರಿ ಗವಾಯಿಗಳು ಜನಿಸಿದರು. ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ೧೯೧೪ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಅವರ ಶಿಷ್ಯರಾದರು. ಗ್ರಂಥಪೂಜೆಯೂ ಕಣ್ಣಿಲ್ಲದ ಗುರುಗಳ ಪೂಜೆಯೂ ಎರಡೂ ನಮ್ಮ ಸೀಮೆಯ ಹೆಮ್ಮೆಗಳೇ ಸರಿ. ಆದರೆ ಇವೆರಡನ್ನೂ ಕೂಡಿಸಿ, ಪೂಜೆಗೊಂಡ ಗ್ರಂಥವನ್ನು ಕಣ್ಣಿಲ್ಲದವನು ಓದುವದು ಹೇಗೆಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ವಿರಳ.

ಸಾಧನದಲ್ಲಿ ಔಚಿತ್ಯವು ಹೇಗೆ ಕಾಣಿಸಿಕೊಳ್ಳುವದೆಂಬುದಕ್ಕೆ ಮೊದಲು ಒಂದು ಸ್ಪಷ್ಟವಾದ ಉದಾಹರಣೆಯನ್ನು ನೋಡೋಣ. ಕಾಲು ಕಳೆದುಕೊಂಡವರಿಗಾಗಿ ಪಾಶ್ಚಾತ್ಯ ದೇಶಗಳಿಂದ ಬಂದ ಕೃತಕ ಪಾದವು ಬೂಟಿನೊಳಗೆ ಇರತಕ್ಕದ್ದೆಂದು ರಚಿತವಾದುದು. ಅದರ ಹರಡು ಬಗ್ಗದು. ಕುರ್ಚಿಯ ಮೇಲೆ ಕೂಡ್ರುವ, ಬೂಟು ಹಾಕಿ ಸಮವಾದ ಹಾದಿಯಲ್ಲಿ ನಡೆಯುವ ಮನುಷ್ಯನಿಗೆ ಅದು ಉಚಿತವೇ. ಆದರೆ ಹಾನಗಲ್ಲಿನ ಭತ್ತದ ಗದ್ದೆಯ ಕೆಸರಿನಲ್ಲಿ ಬರಿಗಾಲಿನಿಂದ ನಡೆಯಬೇಕಾದ, ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತು ಉಣ್ಣುವ ಒಕ್ಕಲಿಗನಿಗೆ ಅದರಿಂದಾಗುವ ಪ್ರಯೋಜನವೇನು? ೧೯೬೮ರಲ್ಲಿ ಜಯಪುರದ ವೈದ್ಯರಾದ ಪ್ರಮೋದ ಕರಣ ಸೇಠಿಯವರೂ ಕುಶಲಕರ್ಮಿಗಳಾದ ರಾಮಚಂದ್ರ ಶರ್ಮಾ ಅವರೂ ಕೂಡಿ ರೂಪಿಸಿದ ರಬ್ಬರಿನ ಪಾದವು ಈ ಪ್ರಶ್ನೆಗೆ ಉತ್ತರವಾಯಿತು. ಅದಕ್ಕೆ ಬೂಟು ಬೇಡ. ಅದು ನೀರಿಗೆ ಅಂಜದು. ಅದನ್ನು ಧರಿಸಿದವನು ಕುಕ್ಕುರಗಾಲಿನಲ್ಲಿ ಕೂಡ್ರಬಲ್ಲನು, ಗದ್ದೆಗೆ ಇಳಿಯಬಲ್ಲನು. ಮೊದಲಿನ ಪಾದದಲ್ಲಿ ವಿದ್ಯೆಯ ಕೊರತೆಯಿರಲಿಲ್ಲ, ಕೊರತೆಯಿದ್ದುದು ಔಚಿತ್ಯಕ್ಕೆ.

ಇನ್ನೊಂದು ಉದಾಹರಣೆ ಅಂಧರ ಕೈಯ ಬಿಳಿಯ ಕೋಲಿನದು. ಆ ಕೋಲು ನೆಲದ ಮೇಲಣ ತೆಗ್ಗುದಿಣ್ಣೆಗಳನ್ನು ತಿಳಿಸುವದೇ ಹೊರತು, ಎದೆಯ ಎತ್ತರಕ್ಕೆ ಚಾಚಿಕೊಂಡ ಬಂಡಿಯ ನೊಗವನ್ನಾಗಲಿ ತಲೆಗೆ ತಾಗುವ ಟೊಂಗೆಯನ್ನಾಗಲಿ ತಿಳಿಸಲಾರದು. ದಿಲ್ಲಿಯ ಐ. ಐ. ಟಿ.ಯಲ್ಲಿ ರೂಪುಗೊಂಡು ೨೦೧೪ರಲ್ಲಿ ಬಳಕೆಗೆ ಬಂದ 'ಸ್ಮಾರ್ಟ್‌ಕೇನ್' ಎಂಬ ಉಪಕರಣವು ಅದೇ ಕೋಲಿಗೆ ಕೂಡಿಕೊಂಡು, ಕಿವಿಗೆ ಕೇಳದ ಶಬ್ದತರಂಗಗಳಿಂದ ಮೊಣಕಾಲಿನ ಮೇಲಣ ಅಡ್ಡಿಗಳನ್ನು ಕಂಡುಹಿಡಿಯುವದು. ಅದರಲ್ಲಿ ನಾವು ಮೆಚ್ಚತಕ್ಕ ಅಂಶವು ಅದು ಎಚ್ಚರಿಕೆ ಕೊಡುವ ಬಗೆ. ಅದು ಕೂಗುವದಿಲ್ಲ, ಹಿಡಿಕೆಯಲ್ಲಿ ನಡುಗಿ ಅಂಗೈಗೆ ತಿಳಿಸುವದು. ಬೀದಿಯಲ್ಲಿ ನಡೆಯುವ ಅಂಧನಿಗೆ ಕಿವಿಯೇ ಕಣ್ಣು. ಆ ಕಿವಿಯನ್ನು ಯಂತ್ರದ ಸದ್ದಿನಿಂದ ತುಂಬಿಬಿಟ್ಟರೆ ಒಂದು ಅಪಾಯವನ್ನು ತೋರಿಸಿ ಹತ್ತನ್ನು ಮುಚ್ಚಿದಂತಾಗುವದು. ಇದು ಬಳಸುವವನ ಬಳಿಯಲ್ಲಿ ಕುಳಿತು ವಿಚಾರಿಸಿದವರಿಗೆ ಹೊಳೆಯತಕ್ಕ ಮಾತೇ ಹೊರತು ಬರಿಯ ಗಣಿತಕ್ಕೆ ಹೊಳೆಯತಕ್ಕದ್ದಲ್ಲ.

ಈ ಎರಡು ಉದಾಹರಣೆಗಳ ಬೆಳಕಿನಲ್ಲಿ ಲಿಪಿಯ ಕಡೆಗೆ ತಿರುಗೋಣ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ವಾಲೆಂತೆ ಆಯುಯಿ ಎಂಬ ಮಹನೀಯನು ಪ್ಯಾರಿಸ್ಸಿನಲ್ಲಿ ಅಂಧಬಾಲಕರಿಗಾಗಿ ಶಾಲೆಯನ್ನು ತೆರೆದು, ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಓದಿಸಿದನು. ಅವನ ದಯೆಯು ದೊಡ್ಡದು, ಉದ್ದೇಶವು ಶುದ್ಧವಾದುದು. ಆದರೆ ಆ ಅಕ್ಷರಗಳು ಕಣ್ಣಿಗಾಗಿ ಹುಟ್ಟಿದವು. ಅವುಗಳ ಬಾಗುಬಳುಕುಗಳನ್ನು ಬೆರಳು ತಡವಿ ತಿಳಿಯುವಷ್ಟರಲ್ಲಿ ವಾಕ್ಯದ ಅರ್ಥವು ತಪ್ಪಿಹೋಗುತ್ತಿತ್ತು. ಬಾಲಕರು ತಾವಾಗಿ ಅವನ್ನು ಬರೆಯುವದಂತೂ ಸಾಧ್ಯವಿರಲಿಲ್ಲ. ಮುಂದೆ ಸೈನ್ಯದಲ್ಲಿದ್ದ ಶಾರ್ಲ್ ಬಾರ್ಬಿಯೆ ಎಂಬವನು ಹನ್ನೆರಡು ಉಬ್ಬುಚುಕ್ಕೆಗಳ ಪದ್ಧತಿಯೊಂದನ್ನು ಆ ಶಾಲೆಗೆ ತಂದನು. ಚುಕ್ಕೆಯೆಂಬ ಕಲ್ಪನೆಯು ಸರಿಯಾದುದು, ಅಳತೆಯು ತಪ್ಪಾದುದು. ಹನ್ನೆರಡು ಚುಕ್ಕೆಗಳು ಒಂದು ಬೆರಳತುದಿಯ ಕೆಳಗೆ ಹಿಡಿಯವು. ಪ್ರತಿಯೊಂದು ಸಂಜ್ಞೆಗೂ ಬೆರಳು ಮೇಲೆ ಕೆಳಗೆ ಅಲೆಯಬೇಕಾಗುತ್ತಿತ್ತು.

ಇದನ್ನು ತಿದ್ದಿದವನು ಅದೇ ಶಾಲೆಯ ವಿದ್ಯಾರ್ಥಿಯಾದ ಲೂಯಿ ಬ್ರೈಲ್ (೧೮೦೯–೧೮೫೨). ಕುದುರೆಯ ಜೀನು ಮೊದಲಾದ ತೊಗಲಿನ ಸಾಮಾನು ಮಾಡುವವನ ಮಗನಾದ ಇವನು ಮೂರನೆಯ ವಯಸ್ಸಿನಲ್ಲಿ ತಂದೆಯ ಅಂಗಡಿಯ ಹತ್ಯಾರ ತಾಗಿ ಕಣ್ಣು ಕಳೆದುಕೊಂಡವನು. ಹದಿನೈದರ ಸುಮಾರಿನಲ್ಲಿಯೇ ಹನ್ನೆರಡು ಚುಕ್ಕೆಗಳನ್ನು ಆರಕ್ಕೆ ಇಳಿಸಿ, ೧೮೨೯ರಲ್ಲಿ ತನ್ನ ಪದ್ಧತಿಯನ್ನು ಪ್ರಕಟಪಡಿಸಿದನು. ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು. ಬೆರಳು ಒಮ್ಮೆ ಮುಟ್ಟಿದರೆ ಇಡೀ ಅಕ್ಷರವು ತಿಳಿಯಬೇಕು. ಈ ಆರು ಚುಕ್ಕೆಗಳ ಸಂಯೋಗಗಳು ಅರವತ್ತಮೂರು. ಪುರಾತನರ ಎಣಿಕೆಯೂ ಅಷ್ಟೇ ಎಂದು ನಮ್ಮ ಕಡೆಯವರು ಸುಲಭವಾಗಿ ನೆನಪಿಡಬಹುದು. ಫ್ರಾನ್ಸ್ ದೇಶವು ಇದನ್ನು ಅಧಿಕೃತವಾಗಿ ಒಪ್ಪಿದ್ದು ೧೮೫೪ರಲ್ಲಿ, ಅವನು ತೀರಿಹೋದ ಎರಡು ವರುಷಗಳ ತರುವಾಯ. ಕಣ್ಣುಳ್ಳ ಅಧ್ಯಾಪಕರಿಗೆ ತಮಗೆ ಓದಲು ಬಾರದ ಲಿಪಿಯು ರುಚಿಸಲಿಲ್ಲ. ಇಲ್ಲಿಯೇ ವಿಮರ್ಶೆಯ ಮರ್ಮವಿದೆ. ಕಾವ್ಯಕ್ಕೆ ಸಹೃದಯನು ಹೇಗೋ ಸಾಧನಕ್ಕೆ ಅದನ್ನು ಬಳಸುವವನು ಹಾಗೆ. ಆಯುಯಿಗೆ ಹೃದಯವಿತ್ತು, ಬ್ರೈಲ್‌ನು ಸಹೃದಯನಾಗಿದ್ದನು. ಇವರಿಬ್ಬರ ನಡುವಣ ಅಂತರವೇ ಉಬ್ಬಿದ ಅಕ್ಷರಕ್ಕೂ ಆರು ಚುಕ್ಕೆಗೂ ಇರುವ ಅಂತರ.

ಲಿಪಿಯು ತನ್ನ ಆಧಾರಕ್ಕೆ ತಕ್ಕಂತೆ ರೂಪು ತಾಳುವದು ನಮಗೆ ಹೊಸ ಮಾತಲ್ಲ. ತಾಳೆಗರಿಯ ಮೇಲೆ ಕಂಠದಿಂದ ನೇರವಾದ ಅಡ್ಡಗೆರೆ ಎಳೆದರೆ ಗರಿ ಸೀಳುವದೆಂದು ನಮ್ಮ ಅಕ್ಷರಗಳು ದುಂಡಗಾದವೆಂಬ ಅಭಿಪ್ರಾಯವುಂಟು. ಗರಿಗೆ ಅಂಜಿ ಅಕ್ಷರವು ದುಂಡಗಾಗಬಹುದಾದರೆ ಬೆರಳನ್ನು ಗೌರವಿಸಿ ಅದು ಚುಕ್ಕೆಯಾಗಬಾರದೇಕೆ? ಬರೆಯುವ ರೀತಿಯೂ ಹಳೆಯ ಕಂಠವನ್ನು ನೆನಪಿಗೆ ತರುವಂಥದೇ. ದಪ್ಪ ಕಾಗದವನ್ನು ಸ್ಲೇಟಿನ ಚೌಕಟ್ಟಿನಲ್ಲಿ ಸಿಕ್ಕಿಸಿ, ಮೊನೆಯುಳ್ಳ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗುವರು. ಹಾಳೆಯನ್ನು ತಿರುವಿದಾಗ ಮೇಲೆದ್ದ ಚುಕ್ಕೆಗಳು ಎಡದಿಂದ ಬಲಕ್ಕೆ ಓದಿಗೆ ಸಿಕ್ಕುವವು.

ಕರ್ನಾಟಕದಲ್ಲಿ ಅಂಧರ ವಿದ್ಯಾಭ್ಯಾಸಕ್ಕೆ ಮೊದಲು ನೆಲೆಯಾದುದು ಮೈಸೂರು. ಅಲ್ಲಿ ೧೯೦೧ರಲ್ಲಿ ಕಿವುಡರ ಮತ್ತು ಅಂಧರ ಶಾಲೆಯು ಆರಂಭವಾಯಿತು. ಆ ಕಾಲದ ಹಿಂದುಸ್ಥಾನದಲ್ಲಿ ಬ್ರೈಲ್ ಪದ್ಧತಿಯು ಒಂದಾಗಿರಲಿಲ್ಲ. ಪ್ರಾಂತಕ್ಕೊಂದು, ಕೆಲವೆಡೆ ಶಾಲೆಗೊಂದು ಏರ್ಪಾಡು. ಒಂದು ಕಡೆಯಲ್ಲಿ ಅಚ್ಚಾದ ಪುಸ್ತಕವು ಇನ್ನೊಂದು ಕಡೆಯ ಬೆರಳಿಗೆ ತಿಳಿಯದು. ಸ್ವಾತಂತ್ರ್ಯಾನಂತರ ಯುನೆಸ್ಕೋ ಸಂಸ್ಥೆಯ ನೆರವಿನಿಂದ ವಿಚಾರವಿನಿಮಯ ನಡೆದು, ೧೯೫೧ರಲ್ಲಿ ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತೀ ಬ್ರೈಲ್ ನೆಲೆಗೊಂಡಿತು. ಕನ್ನಡ ಬ್ರೈಲ್ ಅದರ ಒಂದು ಶಾಖೆ.

ಈಗ ಗುಣಗಳನ್ನು ನೋಡೋಣ. ಮೊದಲನೆಯದು ಏಕರೂಪತೆ. ಈ ಪದ್ಧತಿಯಲ್ಲಿ ಕಕಾರವು ಒಂದನೆಯ ಮತ್ತು ಮೂರನೆಯ ಚುಕ್ಕೆ; ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಅದೇ, ಇಂಗ್ಲೀಷಿನ 'ಕೆ'ಯೂ ಅದೇ. ಲ, ಮ, ಪ, ಸಗಳದೂ ಹೀಗೆಯೇ. ಕಣ್ಣುಳ್ಳ ಕನ್ನಡಿಗನು ಹಿಂದಿಯನ್ನು ಕಲಿಯಬೇಕಾದರೆ ಹೊಸದಾಗಿ ವರ್ಣಮಾಲೆಯನ್ನು ತಿದ್ದಬೇಕು. ಬೆರಳಿನಿಂದ ಓದುವವನಿಗೆ ಆ ಶ್ರಮವಿಲ್ಲ. ಲಿಪಿಗಾಗಿ ಜಗಳಾಡುವ ದೇಶದಲ್ಲಿ ಒಂದೇ ಲಿಪಿಯನ್ನು ಸದ್ದಿಲ್ಲದೆ ಸಾಧಿಸಿಕೊಂಡವರು ಅಂಧರೆಂಬುದನ್ನು ನಮ್ಮ ಭಾಷಾಪಂಡಿತರು ಗಮನಿಸತಕ್ಕದ್ದು.

ಎರಡನೆಯದು ಕನ್ನಡದ ಜಾಯಮಾನಕ್ಕೆ ಒಪ್ಪಿಗೆಯಾಗುವ ಗುಣ. ಬ್ರೈಲ್‌ನಲ್ಲಿ ಕಾಗುಣಿತದ ಕೊಂಬು ಗುಡಿಸುಗಳಿಲ್ಲ. ವ್ಯಂಜನದ ಮುಂದೆ ಸ್ವರವನ್ನೇ ಬರೆಯುವರು. ಕ ಎಂಬುದರ ಮುಂದೆ ಇ ಬಂದರೆ ಅದು 'ಕಿ'. ಹಾಗಾದರೆ ಅಕಾರಾಂತ ಅಕ್ಷರದ ಮುಂದೆ ಬೇರೆ ಸ್ವರವು ಬಿಡಿಯಾಗಿಯೇ ಬಂದರೆ ಗೊಂದಲವಾಗದೆ? ಆಗಬಹುದೆಂದೇ ನಡುವೆ ಅಕಾರವನ್ನು ಬರೆಯುವ ನಿಯಮವಿದೆ. ಆದರೆ ಕನ್ನಡದಲ್ಲಿ ಆ ನಿಯಮಕ್ಕೆ ಕೆಲಸವು ಕಡಿಮೆ. ಮನೆಯಲ್ಲಿ, ಗುರುವನ್ನು ಎಂದು ಯಕಾರ ವಕಾರಗಳನ್ನು ತಂದು ಎರಡು ಸ್ವರಗಳು ತಾಗದಂತೆ ನೋಡಿಕೊಳ್ಳುವದು ನಮ್ಮ ಭಾಷೆಯ ಸ್ವಭಾವವೇ ಆಗಿದೆ. ವ್ಯಾಕರಣದ ಆಗಮಸಂಧಿಯು ಬೆರಳಿನ ಓದಿಗೂ ಹಾದಿ ಮಾಡಿಕೊಟ್ಟಿದೆ.

ಮೂರನೆಯ ಗುಣವು ಛಂದಸ್ಸಿಗೆ ಸಂಬಂಧಪಟ್ಟದ್ದು. ಮುದ್ರಿತ ಕನ್ನಡದಲ್ಲಿ ಒತ್ತಕ್ಷರವು ಅಕ್ಷರದ ಕೆಳಗೆ ಜೋತುಬೀಳುವದು. ಬ್ರೈಲ್‌ನಲ್ಲಿ ಕೆಳಗೆ ಜೋತುಬೀಳಲು ಸ್ಥಳವಿಲ್ಲ; ಆದುದರಿಂದ ನಾಲ್ಕನೆಯ ಚುಕ್ಕೆಯೊಂದನ್ನು ಸಂಯುಕ್ತಾಕ್ಷರದ ಮುಂಚಿತವಾಗಿಯೇ ಇಡುವರು. 'ಸತ್ಯ' ಎಂಬ ಶಬ್ದವು ಸ, ನಾಲ್ಕನೆಯ ಚುಕ್ಕೆ, ತ, ಯ ಎಂದಾಗುವದು. ಈಗ ಛಂದಶ್ಶಾಸ್ತ್ರವನ್ನು ನೆನೆಯಿರಿ: ಸಂಯುಕ್ತಾಕ್ಷರದ ಹಿಂದಿನ ಅಕ್ಷರವು ಗುರು. ಕಣ್ಣಿನ ಓದುಗನು ಮುಂದಿನ ಅಕ್ಷರವನ್ನು ಕಂಡು ಹಿಂದಿರುಗಿ ಗುರುವನ್ನು ಗೊತ್ತುಮಾಡಬೇಕು. ಬೆರಳಿನ ಓದುಗನಿಗೆ ಸಕಾರವು ಮುಗಿದೊಡನೆ, ತಕಾರವು ಇನ್ನೂ ಬಾರದಿರುವಾಗಲೇ, ಆ ಒಂಟಿ ಚುಕ್ಕೆಯು 'ಇದು ಗುರು' ಎಂದು ಸಾರುವದು. ಬಿಂದುವೂ ವಿಸರ್ಗವೂ ಅಕ್ಷರದ ಬೆನ್ನಿಗೇ ಬಂದು ಅದನ್ನೇ ಹೇಳುವವು. ಷಟ್ಪದಿಯ ಗಣಗಳನ್ನು ಮಕ್ಕಳಿಗೆ ಕಲಿಸುವವರಿಗೆ ಇದರ ಬೆಲೆ ತಿಳಿದೀತು. ಈ ಸೌಲಭ್ಯವು ಉದ್ದೇಶಪೂರ್ವಕವಾಗಿ ಬಂದುದಲ್ಲ. ಉಚ್ಚಾರದ ಕ್ರಮವನ್ನು ಸರಿಯಾಗಿ ಹಿಡಿದ ಲಿಪಿಗೆ ಛಂದಸ್ಸು ತಾನಾಗಿ ಒದಗಿಬಂದಿತು.

ದೋಷಗಳನ್ನು ಮುಚ್ಚಿಡುವದು ವಿಮರ್ಶೆಯಲ್ಲ. ಕಣ್ಣಿಗೆ ಒಂದೇ ಅಕ್ಷರವಾಗಿರುವ 'ಸ್ತ್ರೀ' ಎಂಬುದು ಬ್ರೈಲ್‌ನಲ್ಲಿ ಆರು ಮನೆಗಳನ್ನು ಬೇಡುವದು. 'ಬಂಕಾಪುರ' ಎಂಬ ನಮ್ಮ ಊರ ಹೆಸರಿಗೆ ಏಳು ಮನೆಗಳು ಬೇಕು. ಹೀಗಾಗಿ ಕೈಯಲ್ಲಿ ಹಿಡಿಯುವ ಒಂದು ಕಾದಂಬರಿಯು ದಪ್ಪ ಕಾಗದದ ಅನೇಕ ಸಂಪುಟಗಳಾಗಿ ಬೆಳೆಯುವದು. ಅವನ್ನು ಹೊರುವದಕ್ಕೂ ಇಡುವದಕ್ಕೂ ಬಡವನ ಮನೆಯಲ್ಲಿ ಸ್ಥಳವೆಲ್ಲಿ? ಇಂಗ್ಲೀಷಿನಲ್ಲಿ ಮೇಲಿಂದ ಮೇಲೆ ಬರುವ ಶಬ್ದಗಳಿಗೆ ಸಂಕ್ಷೇಪ ಸಂಜ್ಞೆಗಳು ಚೆನ್ನಾಗಿ ರೂಢವಾಗಿವೆ. ಕನ್ನಡದಲ್ಲಿ ಅಷ್ಟು ರೂಢಿಯು ಬೆಳೆದಿಲ್ಲ. ಅಲ್ಲಿ, ಇಂದ, ಗಳು, ಅನ್ನು ಎಂಬ ಪ್ರತ್ಯಯಗಳು ಪುಟಕ್ಕೆ ಎಷ್ಟು ಸಲ ಬರುವವೆಂದು ಎಣಿಸಿ ನೋಡಿದರೆ, ಇಲ್ಲಿ ಭಾಷಾಶಾಸ್ತ್ರಜ್ಞರಿಗೆ ಎಷ್ಟು ಕೆಲಸವಿದೆಯೆಂಬುದು ತಿಳಿಯುವದು. ಇನ್ನೊಂದು ಚಿಕ್ಕ ದೋಷ: ಣಕಾರಕ್ಕೂ ಅಂಕಿಯ ಸೂಚನೆಗೂ ಒಂದೇ ಸಂಜ್ಞೆ. ಕನ್ನಡದಲ್ಲಿ ಶಬ್ದವು ಣಕಾರದಿಂದ ಆರಂಭವಾಗುವದಿಲ್ಲವಾದ್ದರಿಂದ ಇದು ತೊಡಕಾಗದೆ ಉಳಿದಿದೆ.

ಇಲ್ಲಿ ಒಂದು ಆಕ್ಷೇಪವು ಬರುವದುಂಟು. 'ಇಷ್ಟೆಲ್ಲ ತಾಪತ್ರಯವೇಕೆ? ನಮ್ಮದು ಕೇಳುವ ಸಂಸ್ಕೃತಿ. ಗಮಕಿಯು ಓದಲಿ, ಅಂಧನು ಕೇಳಲಿ. ಪಂಚಾಕ್ಷರಿ ಗವಾಯಿಗಳಿಗೆ ಯಾವ ಲಿಪಿಯಿತ್ತು?' ಎಂಬುದೇ ಆ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಿಂದ ಬೆಳೆದ ಆ ಗಾನಯೋಗಿಗಳ ವಿದ್ಯೆಯು ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ಇಳಿದು ಬಂದದ್ದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರು ಅಂಧರಿಗೆ ಕಲಿಸುವ ಪರಂಪರೆಯೊಂದು ನೆಲೆಗೊಂಡಿತು. ೧೯೪೪ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ೨೦೧೦ರ ವರೆಗೆ ಅದನ್ನು ನಡೆಸಿದರು. ಕಲಿಯುವವನ ಕಷ್ಟವನ್ನು ಕಲಿಸುವವನು ಸ್ವತಃ ಬಲ್ಲವನಾಗಿದ್ದುದು ಅಲ್ಲಿಯ ಔಚಿತ್ಯ. ಆ ಮಟ್ಟಿಗೆ ಆಶ್ರಮವು ಸ್ವತಃ ಒಂದು ಉತ್ತಮ ಸಾಧನವೇ ಆಗಿತ್ತು.

ಆದರೆ ಈ ಉದಾಹರಣೆಯಿಂದ ನಾವು ಎಳೆಯುವ ಸಿದ್ಧಾಂತವು ತಪ್ಪು. ಸಂಗೀತಕ್ಕೆ ಕಿವಿಯು ಸಾಕಾಯಿತೆಂದು ಎಲ್ಲ ವಿದ್ಯೆಗೂ ಕಿವಿಯು ಸಾಕೆ? ಅಂಧರಾದವರೆಲ್ಲ ಗವಾಯಿಗಳಾಗಬೇಕೆ? ಸವಣೂರಿನ ಒಬ್ಬ ಅಂಧ ಬಾಲಿಕೆಗೆ ರಾಗಕ್ಕಿಂತ ರಸಾಯನಶಾಸ್ತ್ರದಲ್ಲಿ ಆಸಕ್ತಿಯಿದ್ದರೆ ಅವಳಿಗೆ ತಂಬೂರಿಯನ್ನು ಕೊಟ್ಟು ಕೂಡ್ರಿಸುವದು ಗೌರವವೆನಿಸೀತೆ? ಮಹಾತ್ಮರನ್ನು ಹೊಗಳುವ ಭರದಲ್ಲಿ ಅವರ ಜೀವನವನ್ನು ಎರಕದ ಅಚ್ಚನ್ನಾಗಿ ಮಾಡಿ, ಅದರಲ್ಲಿ ಹಿಡಿಯದವರನ್ನು ಮರೆಯುವದು ನಮ್ಮ ದೊಡ್ಡ ಅಪರಾಧ. ಪುಟ್ಟರಾಜ ಗವಾಯಿಗಳೇ ಆ ಅಚ್ಚನ್ನು ಒಡೆದವರು. ಕನ್ನಡ, ಸಂಸ್ಕೃತ, ಹಿಂದೀ ಮೂರೂ ಭಾಷೆಗಳಲ್ಲಿ ಅವರು ಗ್ರಂಥಕರ್ತರು. ಗ್ರಂಥಕರ್ತನಿಗೆ ಬರೆದುದನ್ನು ಮತ್ತೆ ಓದುವದು, ಹೊಡೆದುಹಾಕುವದು, ತಿದ್ದುವದು ಬೇಕು. ಅದು ಕಿವಿಯೊಂದರಿಂದ ನಡೆಯುವ ಕೆಲಸವಲ್ಲ.

ಕೇಳುವದಕ್ಕೂ ಓದುವದಕ್ಕೂ ಇರುವ ಭೇದವು ಮಹಾಭಾರತದಲ್ಲಿಯೇ ಇದೆ. ಧೃತರಾಷ್ಟ್ರನಿಗೆ ಸಂಜಯನು ಯುದ್ಧವನ್ನು ಹೇಳಿದನು. ಹೇಳುವವನು ಎಷ್ಟೇ ಪ್ರಾಮಾಣಿಕನಾದರೂ ಕೇಳುವವನು ಅವನ ವೇಗದಲ್ಲಿ ನಡೆಯಬೇಕು, ಅವನು ಆರಿಸಿದ್ದನ್ನು ಕೇಳಬೇಕು, ಅವನ ಧ್ವನಿಯ ಏರಿಳಿತದಲ್ಲಿ ಅರ್ಥವನ್ನು ಪಡೆಯಬೇಕು. ಗಮಕಿಯ ವಾಚನವು ಆಗಲೇ ಒಂದು ವ್ಯಾಖ್ಯಾನ. ಅದು ಆನಂದದಾಯಕವೇ ಹೌದು. ಆದರೆ ಒಂದು ಸಾಲಿನ ಮೇಲೆ ತಾನೇ ನಿಂತು, ಹಿಂದಿರುಗಿ, ಸಂದೇಹಪಟ್ಟು, ಒಪ್ಪದೆ ಮುಂದಕ್ಕೆ ಹೋಗುವ ಸ್ವಾತಂತ್ರ್ಯವು ಓದುಗನದು. ಆ ಸ್ವಾತಂತ್ರ್ಯವಿಲ್ಲದವನು ಶ್ರೋತೃವಾದಾನು, ವಿಮರ್ಶಕನಾಗಲಾರನು.

ಈ ಸ್ವಾತಂತ್ರ್ಯವನ್ನು ಇಂದು ಗಣಕಯಂತ್ರವು ಇನ್ನೊಂದು ಬಗೆಯಲ್ಲಿ ಒದಗಿಸುತ್ತಲಿದೆ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವು ಪರದೆಯ ಮೇಲಣ ಬರಹವನ್ನು ಗಟ್ಟಿಯಾಗಿ ಓದುವದು. ಅವುಗಳಲ್ಲಿ ಉಚಿತವಾಗಿ ದೊರೆಯುವ 'ಎನ್‌ವಿಡಿಎ' ಎಂಬುದನ್ನು ೨೦೦೬ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭಿಸಿದವನು ಸ್ವತಃ ಅಂಧನಾದ ಮೈಕೆಲ್ ಕರನ್. ಅವನೊಡನೆ ಕೂಡಿ ಬೆಳೆಸಿದ ಜೇಮ್ಸ್ ಟೇ ಕೂಡ ಅಂಧನೇ. ಬ್ರೈಲ್‌ನ ಕಥೆಯೇ ಮರುಕಳಿಸಿದಂತಿದೆ. ಅದು ಕನ್ನಡವನ್ನೂ ಓದಬಲ್ಲುದು. ಆ ಧ್ವನಿಯಲ್ಲಿ ರಸವಿಲ್ಲವೆಂದು ನಮ್ಮವರು ಮೂಗು ಮುರಿಯುವರು. ಆದರೆ ಅದನ್ನು ಬಳಸುವವರಲ್ಲಿ ಬಹುಮಂದಿ ಧ್ವನಿಯನ್ನು ನಮ್ಮ ಕಿವಿಗೆ ಹಿಡಿಯದಷ್ಟು ವೇಗವಾಗಿ ಓಡಿಸಿಕೊಂಡು ಕೇಳುವರು. ಅಕ್ಷರವನ್ನು ಸ್ಪಷ್ಟವಾಗಿ ಒಪ್ಪಿಸುವದಿಷ್ಟೇ ಅವರು ಯಂತ್ರದಿಂದ ಬೇಡುವದು. ರಸವನ್ನು ಅವರು ತಾವೇ ತಂದುಕೊಳ್ಳಬಲ್ಲರು. ಕಣ್ಣುಳ್ಳ ನಾವೂ ಅಚ್ಚಿನ ಮಸಿಯಿಂದ ರಸವನ್ನು ನಿರೀಕ್ಷಿಸುವದಿಲ್ಲವಷ್ಟೆ.

ಆದರೆ ಇಲ್ಲಿಯೇ ಕನ್ನಡದ ಪತ್ರಿಕೆಗಳ ತಪ್ಪು ಹೊರಬೀಳುವದು. ಯಂತ್ರವು ಅಕ್ಷರದ ಆಕಾರವನ್ನು ನೋಡುವದಿಲ್ಲ. ಅದರ ಹಿಂದಿರುವ ಸಂಖ್ಯೆಯನ್ನು ಓದುವದು. ಯುನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ೧೯೯೧ರಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ೧೨೮ ಮನೆಗಳನ್ನು ನಮಗಾಗಿ ಕಾಯ್ದಿಟ್ಟಿರುವರು. ಅದು ರೂಢಿಗೆ ಬರುವ ಮುಂಚೆ ನಮ್ಮ ಮುದ್ರಣಾಲಯಗಳು ಇಂಗ್ಲೀಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಿ ಕೆಲಸ ಸಾಗಿಸಿದವು. ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟುಗಳು ಈ ಬಗೆಯವು. ಆ ಕಾಲಕ್ಕೆ ಅವು ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅಂಥ ಪುಟವು ಕಣ್ಣಿಗೆ ಮಾತ್ರ ಕನ್ನಡ. ಸ್ಕ್ರೀನ್ ರೀಡರಿಗೆ ಅದು ಅರ್ಥವಿಲ್ಲದ ಇಂಗ್ಲೀಷ್ ಅಕ್ಷರಗಳ ರಾಶಿ. ಹಳೆಯ ಸಂಚಿಕೆಗಳನ್ನು ಬರಿಯ ಚಿತ್ರಗಳಾಗಿ ತೆಗೆದಿಟ್ಟರೂ ಪರಿಣಾಮವು ಅದೇ: ಆಕಾರವಿದೆ, ಶಬ್ದವಿಲ್ಲ. ಯುನಿಕೋಡ್ ಬಂದು ಮೂರು ದಶಕಗಳಾದ ಮೇಲೆಯೂ ಹಳೆಯ ಫಾಂಟನ್ನೇ ಹಿಡಿದಿರುವ ಪತ್ರಿಕೆಯು, ತನಗೆ ತಿಳಿಯದಂತೆಯೇ, ಒಂದು ವರ್ಗದ ಓದುಗರಿಗೆ ಬಾಗಿಲು ಮುಚ್ಚಿದೆ. ಇದಕ್ಕೆ ಬಡತನದ ನೆವವಿಲ್ಲ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ತಂತ್ರಾಂಶಗಳಿವೆ, ಯುನಿಕೋಡ್‌ನಲ್ಲಿ ಬರೆಯುವದಕ್ಕೆ ಖರ್ಚು ತಗಲುವದಿಲ್ಲ.

ಕಾಯಿದೆಯ ಅಡ್ಡಿಯೂ ಇಲ್ಲ. ೨೦೧೨ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯದ ಕಾಯಿದೆಯು ಅಂಗವಿಕಲರಿಗೆ ಓದಲು ಬರುವ ರೂಪದಲ್ಲಿ ಗ್ರಂಥವನ್ನು ಪ್ರತಿಮಾಡುವದನ್ನು, ಲಾಭದ ಉದ್ದೇಶವಿಲ್ಲದಿದ್ದರೆ, ಅಪರಾಧವೆಂದು ಎಣಿಸುವದಿಲ್ಲ. ೨೦೧೩ರಲ್ಲಿ ಮಾರಾಕೇಶದಲ್ಲಿ ಇದೇ ವಿಷಯವಾಗಿ ಅಂತರರಾಷ್ಟ್ರೀಯ ಒಪ್ಪಂದವಾದಾಗ ೨೦೧೪ರಲ್ಲಿ ಅದನ್ನು ಮೊಟ್ಟಮೊದಲು ಸ್ಥಿರಪಡಿಸಿದ ದೇಶವು ಭಾರತ. ೨೦೧೬ರಲ್ಲಿ 'ಸುಗಮ್ಯ ಪುಸ್ತಕಾಲಯ'ವೆಂಬ ಅಂತರ್ಜಾಲ ಗ್ರಂಥಾಲಯವೂ ತೆರೆಯಿತು. ಗೂಡು ಸಿದ್ಧವಾಗಿದೆ, ಅದರಲ್ಲಿ ಕನ್ನಡದ ಗ್ರಂಥಗಳನ್ನು ತಂದಿಡುವವರು ಬೇಕಾಗಿದ್ದಾರೆ.

ಇನ್ನು ಹೆಸರಿನ ವಿಷಯವಾಗಿ ಒಂದು ಮಾತು. ಸರಕಾರದ ಕಾಗದಪತ್ರಗಳಲ್ಲಿ 'ವಿಕಲಚೇತನ'ವೆಂಬ ಶಬ್ದವು ರೂಢವಾಗಿದೆ. ನೋಯಿಸಬಾರದೆಂಬ ಸದುದ್ದೇಶದಿಂದ ಹುಟ್ಟಿದ ಈ ಶಬ್ದವನ್ನು ಬಿಡಿಸಿ ನೋಡಿದರೆ ಚೈತನ್ಯವೇ ವಿಕಲವಾದವನೆಂಬ ಅರ್ಥ ಬರುವದು. ಅಂಗದ ಕೊರತೆಯನ್ನು ಮರೆಸಹೋಗಿ ಆತ್ಮಕ್ಕೇ ಕೊರತೆಯನ್ನು ಹಚ್ಚಿದಂತಾಯಿತು. ೨೦೧೫ರ ಕೊನೆಯಿಂದ ಪ್ರಚಾರಕ್ಕೆ ಬಂದ 'ದಿವ್ಯಾಂಗ'ವು ಇನ್ನೊಂದು ತುದಿಗೆ ಹಾರಿ ದೇವತ್ವವನ್ನು ಹೊರಿಸುವದು. ಒಂದು ಇಳಿಸುವ ಶಬ್ದ, ಒಂದು ಏರಿಸುವ ಶಬ್ದ; ಸಭಾಗೃಹದ ಬಾಗಿಲಲ್ಲಿರುವ ಮೆಟ್ಟಲುಗಳನ್ನು ಮಾತ್ರ ಯಾವದೂ ಇಳಿಸಲಿಲ್ಲ, ಗಾಲಿಕುರ್ಚಿಯನ್ನು ಯಾವದೂ ಏರಿಸಲಿಲ್ಲ. ೨೦೧೧ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಇಂಥ ನೆರೆಹೊರೆಯವರು ೧೩ ಲಕ್ಷಕ್ಕೂ ಮಿಕ್ಕಿದ್ದರು. ಅವರಿಗೆ ಬೇಕಾದುದು ಉಚಿತವಾದ ಸಾಧನ. ಹೆಸರನ್ನು ಅವರೇ ಆರಿಸಿಕೊಂಡಾರು.

ಆದುದರಿಂದ ಜಿಲ್ಲೆಯ ಸಾಹಿತ್ಯ ಸಂಘಗಳಲ್ಲಿ ನಮ್ಮ ವಿಜ್ಞಾಪನೆಯು ಇಷ್ಟು. ತಾವು ಪ್ರಕಟಿಸುವ ಮಾಸಪತ್ರಿಕೆಯನ್ನೂ ಗ್ರಂಥಗಳನ್ನೂ ಯುನಿಕೋಡ್‌ನಲ್ಲಿ ಸಿದ್ಧಪಡಿಸಿ, ಅಚ್ಚಿನ ಪ್ರತಿಯೊಡನೆ ಯಂತ್ರಕ್ಕೆ ಓದಲು ಬರುವ ಪ್ರತಿಯನ್ನೂ ಕಾಯ್ದಿಡಬೇಕು. ಬೇಡಿದ ಅಂಧ ವಾಚಕರಿಗೆ ಅದನ್ನು ಕಳುಹಿಸಬೇಕು. ಹಳೆಯ ಸಂಚಿಕೆಗಳನ್ನು ವರುಷಕ್ಕೆ ಒಂದು ಸಂಪುಟದಂತೆಯಾದರೂ ಪರಿವರ್ತಿಸಬೇಕು. ಭಾಷಾಶಾಸ್ತ್ರವನ್ನು ಬಲ್ಲವರು ಬ್ರೈಲ್ ಬಲ್ಲ ಅಧ್ಯಾಪಕರೊಡನೆ ಕುಳಿತು ಕನ್ನಡದ ಪ್ರತ್ಯಯಗಳಿಗೆ ಒಪ್ಪುವ ಸಂಕ್ಷೇಪಗಳನ್ನು ವಿಚಾರಿಸಬೇಕು. ಈ ಯಾವ ಕೆಲಸದಲ್ಲಿಯೂ ಅಂಧ ಓದುಗರನ್ನು ಕೊನೆಯಲ್ಲಿ ಬಂದು ವಂದಿಸತಕ್ಕ ಅತಿಥಿಗಳಂತೆ ಕಾಣದೆ, ಮೊದಲಲ್ಲಿಯೇ ಕೇಳತಕ್ಕ ಪಂಚರಂತೆ ಕಾಣಬೇಕು. ಬ್ರೈಲ್‌ನ ಆರು ಚುಕ್ಕೆಗಳನ್ನು ಯಾರೂ ಅವನಿಗೆ ದಾನ ಕೊಡಲಿಲ್ಲ. ಕೊಟ್ಟಿದ್ದ ಹನ್ನೆರಡನ್ನು ಅವನು ತಿದ್ದಿಕೊಂಡನು. ತಿದ್ದುವ ಅಧಿಕಾರವನ್ನು ಬಳಸುವವನ ಕೈಗೆ ಬಿಟ್ಟುಕೊಟ್ಟಲ್ಲಿ ಮಾತ್ರ ಸಾಧನಕ್ಕೆ ಔಚಿತ್ಯವು ಬರುವದು.